ನಿಲ್ಲಿಸಿದವರ ಹೆಸರು

ನಮ್ಮೂರಿನ ಕಲ್ಲು ನಡೆದಾಡಿದರೆ ಸವೆಯುವುದಿಲ್ಲ. ಯಾರನ್ನಾದರೂ ಅದರ ಮೇಲೆ ಕಾಯಿಸಿ ನಿಲ್ಲಿಸಿದರೆ ಸವೆಯುತ್ತದೆ. ಸಂತೆ ಬೀದಿಯಲ್ಲಿ ದಿನಕ್ಕೆ ಸಾವಿರ ಜನ, ಇನ್ನೂರು ದನ, ಲೆಕ್ಕವಿಲ್ಲದಷ್ಟು ಗಾಡಿ ಓಡಾಡಿದರೂ ಅಲ್ಲಿನ ಹಾಸುಗಲ್ಲು ನಿನ್ನೆ ಹಾಸಿದಂತಿದೆ. ಅದೇ ಪುರಸಭೆಯ ಕಿಟಕಿಯ ಮುಂದಿನ ಚಪ್ಪಡಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಒಂದೇ ಜಾಗದಲ್ಲಿ ಒಬ್ಬನೇ ಮನುಷ್ಯ ವರ್ಷವಿಡೀ ಬಂದು ನಿಂತರೆ ಒಂದು ಬೆರಳಿನಷ್ಟು ಆಳ, ಅವನದೇ ಪಾದದ ಅಚ್ಚಿನಲ್ಲಿ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿರುವುದರಿಂದ ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಮೊದಲು ಬಾಗಿಲ ಮುಂದಿನ ಕಲ್ಲನ್ನು ಕಣ್ಣಿನಲ್ಲೇ ಅಳೆಯುತ್ತಾರೆ. ಕಲ್ಲು ಸವೆದರೆ ನಿಲ್ಲಿಸಿದವರೇ ಹೊಸದು ಹಾಕಿಸಬೇಕು, ಅದರ ಅಂಚಿನಲ್ಲಿ ತಮ್ಮ ಹೆಸರು ಕೆತ್ತಿಸಬೇಕು. 'ನಿಲ್ಲಿಸಿದವರು ಇಂಥವರು' ಎಂದು ಒಂದೇ ಸಾಲು. ಇದು ಊರಿನ ರಿವಾಜು, ಶಿಕ್ಷೆಯೇನಲ್ಲ. ನಮ್ಮ ಮಕ್ಕಳ ಡಾಕ್ಟರ ಹೆಸರು ನಾಲ್ಕು ಕಲ್ಲಿನ ಮೇಲಿದೆ. ಅವರನ್ನು ನಾಲ್ಕು ಕಲ್ಲಿನ ಡಾಕ್ಟರು ಎಂದೇ ಕರೆಯುತ್ತಾರೆ, ಅವರಿಗೂ ಒಳಗೊಳಗೇ ಖುಷಿ. ಕಚೇರಿಗಳಲ್ಲಿ ಮಾತ್ರ ಸಾಹೇಬರ ಬಾಗಿಲ ಮುಂದೆ ತೆಂಗಿನ ನಾರಿನ ದಪ್ಪ ಚಾಪೆ ಹಾಸಿರುತ್ತಾರೆ. ಚಾಪೆ ಎತ್ತಿ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ.

ನಾನು ಈ ಊರಿನ ಕಾಲೇಜಿನ ಗ್ರಂಥಪಾಲಕ, ಶೇಷಾದ್ರಿ. ಇನ್ನು ಹನ್ನೊಂದು ತಿಂಗಳಿಗೆ ನಿವೃತ್ತಿ. ಕಾಲೇಜಿಗೆ ಈ ವರ್ಷ ನೂರು ತುಂಬಿತು. ಕಟ್ಟಿಸಿದವರು, ಮೊದಲ ನಲವತ್ತು ವರ್ಷ ಪ್ರಿನ್ಸಿಪಾಲರಾಗಿದ್ದವರು ತ್ರಿವಿಕ್ರಮ ರಾಯರು. ಮುಖಮಂಟಪದಲ್ಲಿ ಅವರ ಎದೆಮಟ್ಟದ ಪ್ರತಿಮೆ ಇದೆ. ಕೆಳಗೆ 'ಯಾರನ್ನೂ ಇಲ್ಲವೆಂದು ಕಳಿಸದ ಮಹನೀಯರು' ಎಂದು ಬರೆದಿದೆ. ಅದು ಅಕ್ಷರಶಃ ಸತ್ಯ. ಊರ ಹೊರಗಿನ ಆಚೆಕೇರಿಯಿಂದ ಹುಡುಗರು ಅರ್ಜಿ ಹಿಡಿದು ಬಂದರೆ ರಾಯರು ಇಲ್ಲ ಎಂದದ್ದೇ ಇಲ್ಲ. 'ನಿಂತಿರು, ಕರೀತೀನಿ' ಅನ್ನುತ್ತಿದ್ದರು. ಪ್ರವೇಶದ ಹಳೇ ರಿಜಿಸ್ಟರು ನನ್ನ ಕಪಾಟಿನಲ್ಲಿದೆ. ಏಳು ಹೆಸರುಗಳ ಎದುರಿಗೆ ರಾಯರ ಮುತ್ತಿನಂಥ ಅಕ್ಷರದಲ್ಲಿ 'ನಿಂತಿರಲಿ, ಕರೆಯೋಣ' ಎಂದಿದೆ, ಕೆಳಗೆ ಸಹಿ. ಕರೆದದ್ದು ಮಾತ್ರ ಯಾವ ಪುಟದಲ್ಲೂ ಇಲ್ಲ. ಏಳು ಹುಡುಗರು ಉತ್ತರ ದಿಕ್ಕಿನ ಕಿಟಕಿಗಳ ಹೊರಗೆ ನಿಂತರು, ಒಬ್ಬೊಬ್ಬರು ಒಂದೊಂದು ಚಪ್ಪಡಿಯ ಮೇಲೆ. ಕೆಲವರು ಒಂದು ವರ್ಷ, ಕೆಲವರು ಎರಡು. ಎಲ್ಲರಿಗಿಂತ ಹೆಚ್ಚು ನಿಂತವನು ಭರಮಣ್ಣ ಎನ್ನುವ ಹುಡುಗ, ಮೂರು ವರ್ಷ.

ಮುಂದೊಂದು ವರ್ಷ ಮೇಲಿನವರು ತನಿಖೆಗೆ ಬರುತ್ತಾರೆಂದು ಗೊತ್ತಾಗಿ, ಬೇಸಿಗೆ ರಜೆಯಲ್ಲಿ ಆ ಏಳೂ ಕಲ್ಲುಗಳನ್ನು ಎಬ್ಬಿಸಿ ಹೊಸ ಸಭಾಂಗಣದ ತಳಪಾಯಕ್ಕೆ ಸಾಗಿಸಿದರು. ಹೊಸ ಕಲ್ಲು ಹಾಕಿದರು. ಊರಲ್ಲಿ ಹೆಸರು ಕೆತ್ತಿಸದೆ ಬದಲಿಸಿದ ಕಲ್ಲುಗಳೆಂದರೆ ಅವು ಮಾತ್ರ. ಸಾಗಿಸಿದ ಎತ್ತಿನ ಗಾಡಿ ಭರಮಣ್ಣನ ಅಪ್ಪನದು. ಒಂದು ಕಲ್ಲಿನಲ್ಲಿ ಎಡಗಾಲಿನ ಕಿರುಬೆರಳು ಸೊಟ್ಟಗಿದ್ದದ್ದು ನೋಡಿ ಅವನಿಗೆ ಮಗನ ಗುರುತು ಹತ್ತಿತು. ತಳಪಾಯಕ್ಕೆ ಆರು ಕಲ್ಲು ಹೋದವು, ಏಳನೆಯದು ಗಾಡಿಯಲ್ಲೇ ಉಳಿದು ಮನೆಗೆ ಬಂತು.

ಇದೆಲ್ಲ ಊರಿಗೆ ಗೊತ್ತು, ಯಾರೂ ಆಡುತ್ತಿರಲಿಲ್ಲ. ಆಡುವ ಹಾಗಾದದ್ದು ಶತಮಾನೋತ್ಸವದ ದೆಸೆಯಿಂದ. ಕಾಲೇಜಿಗೆ ದರ್ಜೆ ಕೊಡುವ ಸಮಿತಿಯವರು ಕಳಿಸಿದ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: 'ಸಂಸ್ಥೆಯು ತನ್ನ ಇತಿಹಾಸವನ್ನು ಎದುರಿಸಿದೆಯೇ? ಅಂಕ ಹತ್ತು.' ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಹ್ಲಾದ ರಾಯರು, ತ್ರಿವಿಕ್ರಮ ರಾಯರ ಮೊಮ್ಮಗ. ಅದನ್ನು ಮೂರು ಸಲ ಓದಿ ನನ್ನ ಮುಖ ನೋಡಿದರು. "ಎದುರಿಸೋದು ಅಂದ್ರೆ ಏನ್ರೀ ಶೇಷಾದ್ರಿ? ಎಷ್ಟು ಜಾಗ ಬೇಕಾಗುತ್ತೆ?"

"ಅಂಗಳದಲ್ಲಿ ಮೂಲೆ ಇದೆಯಲ್ಲ ಸಾರ್," ಎಂದೆ.

ಹಾಗೆ ರಾಜಧಾನಿಯಿಂದ ಮೈಥಿಲಿ ಎಂಬ ಶಿಲ್ಪಿ ಬಂದಳು. ಕಟ್ಟಿದ ಕೂದಲು, ಜೇಬು ತುಂಬ ಉಳಿ, ಒಳ್ಳೆಯ ಮನಸ್ಸಿನ ಹುಡುಗಿ. ಅಂಗಳದಲ್ಲಿ ಏಳು ಚಪ್ಪಡಿ, ಏಳು ಜೊತೆ ಪಾದದ ಗುಂಡಿ, ಮಧ್ಯೆ ಒಂದು ಬರಹದ ಫಲಕ. ಗುಂಡಿಗಳನ್ನು ತಾನೇ ಉಳಿಯಲ್ಲಿ ತೋಡುತ್ತೇನೆ ಎಂದಳು. ತೋಡಿದ ಗುಂಡಿಗೂ ಸವೆದ ಗುಂಡಿಗೂ ವ್ಯತ್ಯಾಸ ಈ ಊರಲ್ಲಿ ಕುರುಡನಿಗೂ ಕಾಲಲ್ಲಿ ತಿಳಿಯುತ್ತದೆ ಎಂದು ನಾನು ಬಾಯಿ ತಪ್ಪಿ ಹೇಳಿದೆ. ಒಂದಾದರೂ ನಿಜವಾದದ್ದು ಸಿಕ್ಕರೆ ಎಂದು ಅವಳು ಹಿಡಿದುಕೊಂಡಳು. ನಿಜವಾದದ್ದು ಎಲ್ಲಿದೆ ಎಂದೂ ನಾನೇ ಹೇಳಿದೆ. ಪುಸ್ತಕ ಓದಿದವರಿಗೆ ಈ ಚಟ. ಗೊತ್ತಿರುವುದನ್ನು ಹೇಳದೆ ಇರಲಾಗುವುದಿಲ್ಲ, ಹೇಳಬೇಕಾದಾಗ ಮಾತ್ರ ಬೇರೇನೋ ಬಾಯಿಗೆ ಬರುತ್ತದೆ.

ಭರಮಣ್ಣನವರಿಗೆ ಈಗ ಎಂಬತ್ತರ ಆಸುಪಾಸು. ಅವರನ್ನು 'ಅವರು' ಎನ್ನುವುದನ್ನು ನಮ್ಮ ಕಾಲೇಜು ಕಲಿತದ್ದೂ ಆ ತಿಂಗಳೇ. ಅಲ್ಲಿಯವರೆಗೆ ಪ್ರಹ್ಲಾದ ರಾಯರು 'ಏನೋ ಭರಮ' ಎನ್ನುತ್ತಿದ್ದರು. ಭರಮಣ್ಣನವರು ಇಟ್ಟಿಗೆ ಗೂಡಿನಲ್ಲಿ ದುಡಿದು, ಸಂಜೆ ಆಚೆಕೇರಿಯ ಮಕ್ಕಳಿಗೆ ಜಗುಲಿಯ ಮೇಲೆ ಗಣಿತ ಹೇಳಿಕೊಟ್ಟು ಮೂರು ತಲೆಮಾರು ದಾಟಿಸಿದ್ದರು. ನಾವು ಹೋದಾಗ ಕಲ್ಲು ಅಂಗಳದಲ್ಲಿತ್ತು. ಎರಡು ಪಾದದ ಗುಂಡಿಯಲ್ಲೂ ನೀರು, ಎರಡು ಕೋಳಿ ಕುಡಿಯುತ್ತಿದ್ದವು, ಒಂದೊಂದಕ್ಕೆ ಒಂದೊಂದು ಪಾದ.

"ಕೂತ್ಕೊಳ್ಳಿ ಸ್ವಾಮಿ, ಕೂತ್ಕೊಳ್ಳಮ್ಮ. ನಮ್ಮನೆ ಮುಂದೆ ಯಾರೂ ನಿಲ್ಲೋದಿಲ್ಲ," ಎಂದರು ಭರಮಣ್ಣ.

ಮೈಥಿಲಿ ಕೂರಲಿಲ್ಲ. ಕಲ್ಲಿನ ಮುಂದೆ ಮೊಣಕಾಲೂರಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಮುಟ್ಟಬಹುದಾ ಅಜ್ಜ?"

"ಮುಟ್ಟಮ್ಮ. ಕೋಳಿ ಮುಟ್ಟಿದ್ದು, ನಿನಗೆ ಅಡ್ಡಿ ಇಲ್ಲ ಅಂದ್ರೆ."

ಅವಳು ಬೆರಳಿಟ್ಟು ಆಳ ನೋಡಿದಳು. ಮೂರು ಬೆರಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಲ್ಲಿ ನಿಂತು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಕಲೀತಿದ್ದೆ ತಾಯಿ. ಗಣಿತದ ಕ್ಲಾಸಿನ ಕಿಟಕಿ ಅದು. ಎರಡು ವರ್ಷ ಬೋರ್ಡು ಕಾಣ್ತಿತ್ತು. ಮೂರನೇ ವರ್ಷ ಗಾಜಿಗೆ ಹಸಿರು ಬಣ್ಣ ಬಳಿದ್ರು, ಆಮೇಲೆ ಕೇಳಿಸ್ಕೊಂಡೇ ಕಲಿತೆ. ಅದಕ್ಕೇ ನನ್ನ ರೇಖಾಗಣಿತ ಸ್ವಲ್ಪ ಅಷ್ಟಕ್ಕಷ್ಟೆ." ನಕ್ಕರು. ನಗು ಪೂರ್ತಿ ಮುಗಿಯುವವರೆಗೆ ಕಾದು ನಾನು ವಿಷಯ ಎತ್ತಿದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

"ಕೊಡ್ತೀನಿ. ಕಲ್ಲಿನ ಅಂಚಲ್ಲಿ ಒಂದು ಸಾಲು ಕೆತ್ತಿಸಿ. ಊರಲ್ಲಿ ಎಲ್ಲಾ ಕಲ್ಲಿನ ಮೇಲೂ ಇರೋ ಸಾಲೇ. ನಿಲ್ಲಿಸಿದವರು ತ್ರಿವಿಕ್ರಮ ರಾಯರು. ಅಷ್ಟೆ. ಬೈಗುಳ ಬೇಡ, ವಿಶೇಷಣ ಬೇಡ, ಒಂದಕ್ಷರ ಜಾಸ್ತಿ ಬೇಡ."

"ಖಂಡಿತ ಹಾಕ್ಸೋಣ ಅಜ್ಜ," ಎಂದಳು ಮೈಥಿಲಿ. ನಾನು ಕೋಳಿಗಳನ್ನು ನೋಡುತ್ತಾ ಕುಳಿತೆ.

ಈ ಷರತ್ತು ಕೇಳಿ ಪ್ರಹ್ಲಾದ ರಾಯರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವ ಮನುಷ್ಯರೇ ಅಲ್ಲ. "ಏಳು ಜನರ ಹೆಸರೂ ಹಾಕಿ. ಚಿನ್ನದ ಬಣ್ಣ ಕೊಡಿ. ಅವರ ತಂದೆ ಹೆಸರು, ಬೇಕಾದ್ರೆ ತಾಯಿ ಹೆಸರೂ ಹಾಕಿ. ನಮ್ಮ ತಾತನ್ನ ಯಾಕೆ ಎಳೀತೀರಿ? ಅವರು ಬದುಕಿಲ್ಲ, ಎದ್ದು ಬಂದು ಉತ್ತರ ಕೊಡೋಕೆ. ಅದೂ ಅಲ್ದೆ ಅವರು ಯಾರನ್ನೂ ಇಲ್ಲ ಅಂದೋರಲ್ಲ." ಅಷ್ಟು ಹೊತ್ತಿಗೆ ಮೈಥಿಲಿಯೂ ಎರಡು ರಾತ್ರಿ ನಿದ್ದೆಗೆಟ್ಟು ಒಂದು ತೀರ್ಮಾನಕ್ಕೆ ಬಂದಿದ್ದಳು. "ಒಬ್ಬರ ಹೆಸರು ಹಾಕಿದ್ರೆ ಕೃತಿ ಚಿಕ್ಕದಾಗುತ್ತೆ ಸರ್," ಎಂದಳು ನನಗೆ, "ಇದು ಒಬ್ಬ ವ್ಯಕ್ತಿಯ ಬಗ್ಗೆ ಅಲ್ಲ ಅಲ್ವಾ?" ಅವಳು ಅದನ್ನು ನಂಬಿಯೇ ಹೇಳಿದ್ದಳು, ಸುಳ್ಳು ಹೇಳಿದ್ದರೆ ಒಂದು ಮಾತು ವಾದಿಸಬಹುದಿತ್ತು.

ಫಲಕದ ಬರಹ ಬರೆಯುವ ಕೆಲಸ ನನಗೆ ಬಂತು. ಭರಮಣ್ಣನವರು ಒಪ್ಪುವಂತಿರಬೇಕು, ಅಧ್ಯಕ್ಷರಿಗೆ ನೋವಾಗದಂತಿರಬೇಕು. ಮೊದಲ ಕರಡಿನಲ್ಲಿ 'ಕಾರಣಾಂತರಗಳಿಂದ ಹೊರಗುಳಿದವರು' ಎಂದು ಬರೆದೆ. ಎರಡನೆಯದರಲ್ಲಿ 'ಇತಿಹಾಸದ ಒಂದು ಕ್ಷಣದಲ್ಲಿ' ಎಂದು ಶುರು ಮಾಡಿದೆ. ಭರಮಣ್ಣನವರು ಎರಡನ್ನೂ ಪೆನ್ಸಿಲಿನಲ್ಲಿ ತಿದ್ದಿ ವಾಪಸು ಕಳಿಸಿದರು. ಒಂದರ ಕೆಳಗೆ 'ಹಂತಗಳು ಸರಿ, ಉತ್ತರ ತಪ್ಪು' ಎಂದಿತ್ತು. ಇನ್ನೊಂದರ ಕೆಳಗೆ 'ಮೂರು ವರ್ಷಕ್ಕೆ ಕ್ಷಣ ಎನ್ನುವುದಿಲ್ಲ. ಹತ್ತಕ್ಕೆ ಒಂದು, ಅದೂ ಕೈಬರಹಕ್ಕೆ.' ಮೂರನೆಯ ಕರಡನ್ನು ನಾನೇ ಹಿಡಿದುಕೊಂಡು ಹೋದೆ. ಅದನ್ನು ಓದಿ ಮಡಿಸಿ ನನ್ನ ಜೇಬಿಗೇ ಇಟ್ಟರು. "ಸ್ವಾಮಿ, ನಿಮಗೆ ಭಾಷೆ ಚೆನ್ನಾಗಿ ಬರುತ್ತೆ. ನಾಲ್ಕು ಕಲ್ಲಿನ ಡಾಕ್ಟರ ಹೆಸರು ಕೆತ್ತೋವಾಗ ನಿಮ್ಮನ್ನ ಕರೆಸಿದ್ರಾ? ಇಲ್ಲ ತಾನೆ? ಕಲ್ಲುಕುಟಿಗನೊಬ್ಬನೇ ಸಾಕಾಯ್ತು."

ಉದ್ಘಾಟನೆಗೆ ಮೂರು ವಾರ ಉಳಿದಿತ್ತು. ಪ್ರಹ್ಲಾದ ರಾಯರು ನನ್ನನ್ನು ಒಳಗೆ ಕರೆದು ಕಾಫಿ ತರಿಸಿದರು. ಮೇಜಿನ ಮೇಲೆ ಒಂದು ಫೈಲು. ಅದರ ಮೇಲೆ ಇಂದುಮತಿ ಎಂದು ಬರೆದಿತ್ತು.

ಇಂದುಮತಿ ಭರಮಣ್ಣನವರ ಮೊಮ್ಮಗಳು. ನಮ್ಮ ಕಾಲೇಜಿನಲ್ಲೇ ಗಣಿತದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಅಜ್ಜ ಹೊರಗೆ ನಿಂತು ಕೇಳಿದ ಕೋಣೆಯಲ್ಲೇ ಒಳಗೆ ನಿಂತು ಪಾಠ ಹೇಳುತ್ತಾರೆ. ಪ್ರತಿ ಸೋಮವಾರ ಅಧ್ಯಕ್ಷರ ಬಾಗಿಲಲ್ಲಿ ಬಂದು ನಿಂತು ಕಾಯಂ ಆಗುವ ವಿಷಯ ವಿಚಾರಿಸುತ್ತಾರೆ. 'ಫೈಲು ನಡೀತಾ ಇದೆ ಮೇಡಂ, ಕರೀತೀನಿ' ಎನ್ನುವ ಉತ್ತರ ಸಂಜೆಯ ಹೊತ್ತಿಗೆ ಸಿಗುತ್ತದೆ.

"ಈ ಆರ್ಡರಿಗೆ ಸಹಿ ಹಾಕೋಕೆ ನಂಗೇನೂ ಕಷ್ಟ ಇಲ್ಲ ಶೇಷಾದ್ರಿ," ಎಂದರು ಪ್ರಹ್ಲಾದ ರಾಯರು. "ಎರಡು ಒಳ್ಳೆ ಕೆಲಸ ಒಂದೇ ವಾರದಲ್ಲಿ ಮುಗಿದ್ರೆ ಚೆಂದ ಅಲ್ವಾ? ನಾನು ಒಂದಕ್ಕೊಂದು ಗಂಟು ಹಾಕ್ತಾ ಇಲ್ಲ, ಆಯ್ತಾ? ನೀವೂ ಹಾಕ್ಬೇಡಿ. ಸುಮ್ನೆ ಹೇಳಿ ಬನ್ನಿ."

ಸುಮ್ಮನೆ ಹೇಳಿ ಬರಲು ಹೋದೆ. ಜಗುಲಿಯಲ್ಲಿ ಇಂದುಮತಿ ಉತ್ತರಪತ್ರಿಕೆ ತಿದ್ದುತ್ತಿದ್ದರು, ಭರಮಣ್ಣನವರು ಕೋಳಿಗೆ ನುಚ್ಚು ಎರಚುತ್ತಿದ್ದರು. ಗಂಟು ಹಾಕದೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಆ ವಾಕ್ಯ ಅರ್ಧಕ್ಕೆ ಬರುವ ಮೊದಲೇ ಇಂದುಮತಿ ಪೆನ್ನು ಕೆಳಗಿಟ್ಟರು.

"ಬೇಡ ತಾತ. ಹೆಸರಿಲ್ಲದೆ ಕೊಡಬೇಡ."

ಭರಮಣ್ಣನವರು ನನ್ನನ್ನು ನೋಡಲಿಲ್ಲ, ಮೊಮ್ಮಗಳನ್ನೇ ನೋಡಿದರು. "ನಿಂದು ಎಷ್ಟಾಗಿದೆ?"

"ಏನು?"

"ಬೆರಳು."

"ಅಲ್ಲಿ ಚಾಪೆ ಇದೆ ತಾತ."

"ಚಾಪೆ ಇದ್ರೆ ಕಣ್ಣಿಗೆ ಕಾಣಲ್ಲ, ಕಾಲಿಗೆ ಗೊತ್ತಾಗಲ್ವಾ? ಗಣಿತದ ಮೇಡಂ ನೀನು, ಲೆಕ್ಕ ಮಾಡಿ ಹೇಳು. ವಾರಕ್ಕೆ ಆರು ದಿನ ವರ್ಷವೆಲ್ಲ ನಿಂತ್ರೆ ಒಂದು ಬೆರಳು. ವಾರಕ್ಕೊಂದೇ ದಿನ, ಒಂಬತ್ತು ವರ್ಷ ನಿಂತ್ರೆ?"

ಇಂದುಮತಿ ಕೆಳಗಿಟ್ಟ ಪೆನ್ನನ್ನು ಎತ್ತಿ ಅದರ ಮುಚ್ಚಳ ಹಾಕಿದರು. "ಒಂದೂವರೆ," ಎಂದರು ಆಮೇಲೆ.

"ಕೇಳಿಸ್ತಾ ಸ್ವಾಮಿ?" ಭರಮಣ್ಣ ನುಚ್ಚಿನ ಮೊರ ಪಕ್ಕಕ್ಕಿಟ್ಟರು. "ಗಾಡಿ ಕಳಿಸಿ, ತಗೊಂಡು ಹೋಗಲಿ. ನಂದು ಸವೆದು ಮುಗಿದಿರೋದು. ಇವಳದ್ದು ಇನ್ನೂ ಸವೀತಾ ಇರೋದು."

"ನನ್ನನ್ನ ಕೇಳದೆ ನನಗೋಸ್ಕರ ಸೋಲ್ತೀಯಾ? ಯಾರು ಹೇಳಿದ್ರು ನಿನಗೆ?" ಇಂದುಮತಿಯ ದನಿ ಏರಿತು. "ಅರವತ್ತು ವರ್ಷ ಮನೇಲಿಟ್ಕೊಂಡು ಕೂತಿದ್ದು ಇದಕ್ಕಾ? ಇನ್ನೂ ಒಂಬತ್ತು ವರ್ಷ ನಿಲ್ತೀನಿ ನಾನು!"

"ನಿಲ್ತೀಯ. ನಿಲ್ಲೋದು ನಮ್ಮನೇಲಿ ಎಲ್ಲರಿಗೂ ಬರುತ್ತೆ. ಅದನ್ನ ಮುಂದಕ್ಕೆ ಕಲಿಸ್ಬಾರ್ದು ಅಂತ ನಾನು ಗಣಿತ ಕಲಿಸಿದ್ದು." ಅಷ್ಟು ಹೇಳಿ ನನ್ನ ಕಡೆ ತಿರುಗಿ, "ಕೋಳಿಗೆ ತಟ್ಟೆ ಸಾಕು," ಎಂದರು.

ನಾನು ಎದ್ದು ಬಂದೆ. ದಾರಿಯಲ್ಲಿ ನಾಲ್ಕನೇ ಕರಡು ತಾನಾಗಿ ಹೊಳೆಯಿತು: 'ಅರಿವಿನ ಬಾಗಿಲಲ್ಲಿ ಕಾದು ನಿಂತ ಏಳು ಜೀವಗಳಿಗೆ ಈ ವಿದ್ಯಾಸಂಸ್ಥೆ ತಲೆಬಾಗುತ್ತದೆ.' ಲಯ ಚೆನ್ನಾಗಿತ್ತು. ಅಂಥ ಹೊತ್ತಿನಲ್ಲೂ ಲಯ ಚೆನ್ನಾಗಿದೆ ಎಂದು ನನಗೆ ಅನಿಸಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಉದ್ಘಾಟನೆ ಬೆಳಗ್ಗೆ ಹತ್ತಕ್ಕೆ. ಏಳು ಚಪ್ಪಡಿ, ಆರು ಉಳಿಯಲ್ಲಿ ತೋಡಿದವು, ಒಂದು ಕಾಲಲ್ಲಿ ಸವೆದದ್ದು. ಏಳು ಹೆಸರು ಚಿನ್ನದ ಬಣ್ಣದಲ್ಲಿ, ಮಧ್ಯದ ಫಲಕದಲ್ಲಿ ನನ್ನ ನಾಲ್ಕನೇ ಕರಡು. ಭಾಷಣಗಳಾದ ಮೇಲೆ ಫೋಟೋದವನು ಭರಮಣ್ಣನವರನ್ನು ಅವರದೇ ಕಲ್ಲಿನ ಮೇಲೆ ನಿಲ್ಲಿಸಬೇಕು ಎಂದ. ಅವರು ಚಪ್ಪಲಿ ಬಿಟ್ಟು ಬಲಗಾಲು ಇಟ್ಟರು. ಹಿಡಿಸಲಿಲ್ಲ. ಹದಿನಾರು ವರ್ಷದ ಹುಡುಗನ ಪಾದದ ಗುಂಡಿ ಅದು. ಎಂಬತ್ತರ ಕಾಲು ಗೂಡಿನ ಬಿಸಿಗೆ ಬಿರಿದು ಅಗಲವಾಗಿತ್ತು.

"ಸ್ವಲ್ಪ ಒತ್ತಿ ಇಳಿಸಿ ಭರಮಣ್ಣನವರೇ, ಕೂತ್ಕೊಳ್ಳುತ್ತೆ," ಎಂದರು ಪ್ರಹ್ಲಾದ ರಾಯರು, ತುಂಬ ಕಾಳಜಿಯಿಂದ.

"ಇಲ್ಲ ರಾಯರೇ. ಆಗ ಕರೆದಿದ್ರೆ ಹಿಡಿಸ್ತಿತ್ತು."

ಜನ ಚಪ್ಪಾಳೆ ತಟ್ಟಿದರು, ಹಾಸ್ಯ ಎಂದುಕೊಂಡು. ಫೋಟೋದವನು ಗಡಿಯಾರ ನೋಡಿಕೊಂಡ. ಆಗ ಮುಂದಿನ ಸಾಲಿನಲ್ಲಿ ರೇಷ್ಮೆ ಲಂಗ ಉಟ್ಟು ಕುಳಿತಿದ್ದ ಮೊಮ್ಮಗಳು, ಒಂಬತ್ತನೇ ತರಗತಿಯ ಹುಡುಗಿ, ಪ್ರಹ್ಲಾದ ರಾಯರ ಕಣ್ಣಿಗೆ ಬಿದ್ದಳು. ಕರೆದು ನಿಲ್ಲಿಸಿದರು. ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತು, ಎಡಗಾಲಿನ ಕಿರುಬೆರಳೊಂದು ಬಿಟ್ಟು. ಮೈಥಿಲಿ ಏನೋ ಹೇಳಲು ಬಾಯಿ ತೆರೆದಳು; ಅಷ್ಟರಲ್ಲಿ ಫೋಟೋ ಆಗಿತ್ತು.

"ಹೇಗಿದೆ ಮಗಾ?" ಎಂದು ಕೇಳಿದರು ಭರಮಣ್ಣ.

"ತಣ್ಣಗಿದೆ ತಾತ. ಚೆನ್ನಾಗಿದೆ."

"ಹೌದಾ? ಪುಣ್ಯವಂತೆ."

ಮರುದಿನದ ಪತ್ರಿಕೆಯಲ್ಲಿ ಆ ಹುಡುಗಿಯ ಚಿತ್ರ, ಕೆಳಗೆ 'ನೋವಿನ ಹೆಜ್ಜೆಯಲ್ಲಿ ಹೊಸ ಪೀಳಿಗೆ' ಎಂಬ ಸಾಲು. ದರ್ಜೆಯ ಸಮಿತಿಯವರು ಹತ್ತಕ್ಕೆ ಒಂಬತ್ತು ಕೊಟ್ಟರು. ಒಂದು ಅಂಕ ಕಳೆದದ್ದು ಹತ್ತಿರದಲ್ಲಿ ಕುಡಿಯುವ ನೀರಿನ ನಲ್ಲಿ ಇಲ್ಲವೆಂದು. ಇಂದುಮತಿಯವರ ಆರ್ಡರು ಆ ವಾರವೇ ಬಂತು. ಪ್ರಹ್ಲಾದ ರಾಯರು ಮಾತಿಗೆ ತಪ್ಪುವವರಲ್ಲ. ಆರ್ಡರಿನ ಎರಡನೇ ಪುಟದಲ್ಲಿ ಒಂದು ಹೆಚ್ಚುವರಿ ಹೊಣೆ ಇತ್ತು: ನೆನಪಿನ ಅಂಗಳದ ಸಂಚಾಲಕಿ. ನೋಡಲು ಬರುವವರಿಗೆ ಕಲಾಕೃತಿಯನ್ನು ಮುದ್ರಿತ ಕೈಪಿಡಿಯಲ್ಲಿರುವಂತೆ, ಏನನ್ನೂ ಸೇರಿಸದೆ ವಿವರಿಸತಕ್ಕದ್ದು. ಕೈಪಿಡಿ ನಾನೇ ಬರೆದದ್ದು.

ಇಂದುಮತಿ ಆರ್ಡರನ್ನು ಹರಿದು ಹಾಕುತ್ತಾರೆಂದು ಸ್ಟಾಫ್ ರೂಮಿನಲ್ಲಿ ಎರಡು ದಿನ ಮಾತಾಯಿತು. ಹರಿಯಲಿಲ್ಲ. ಅಜ್ಜ ಕಲ್ಲು ಕೊಟ್ಟು ತಂದದ್ದನ್ನು ಹರಿಯುವುದು ಹೇಗೆ? ಮೂರನೇ ದಿನ ಬಂದು ಸಹಿ ಮಾಡಿದರು. ನಾನು ಅಭಿನಂದನೆ ಎಂದೆ. "ನಿಮಗೂ ಸರ್," ಎಂದರು.

ಹದಿನೈದು ದಿನಕ್ಕೆ ಮೊದಲ ತಂಡ ಬಂತು. ಊರ ಶಾಲೆಯ ಏಳನೇ ತರಗತಿ, ನಲವತ್ತು ಮಕ್ಕಳು. ನಮ್ಮೂರ ಶಾಲೆಗಳಲ್ಲಿ ಆ ತರಗತಿಗೆ ಕಲ್ಲಿನ ಪಾಠವಿದೆ. ಮಕ್ಕಳು ಬೀದಿ ಬೀದಿ ತಿರುಗಿ ಹಾಳೆ ತುಂಬುತ್ತಾರೆ: ಕಲ್ಲು ಎಲ್ಲಿದೆ, ಆಳ ಎಷ್ಟು, ನಿಂತವರು ಯಾರು, ನಿಲ್ಲಿಸಿದವರು ಯಾರು. ನಾನು ಪತ್ರಿಕೆಗಳ ಕಟ್ಟು ಹಿಡಿದು ಅಂಗಳ ದಾಟುತ್ತಿದ್ದೆ. ಇಂದುಮತಿ ಕೈಪಿಡಿಯನ್ನು ತೆರೆಯದೆ, ಬಾಯಿಪಾಠವಾಗಿದ್ದದ್ದನ್ನು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಿದ್ದರು. ಮುಗಿದ ಮೇಲೆ ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

"ಮೇಡಂ, ಮೂರು ಕಾಲಂ ತುಂಬಿದೆ. ನಾಲ್ಕನೇದು ಕಲ್ಲಲ್ಲಿ ಬರೆದೇ ಇಲ್ಲ. ನಿಲ್ಲಿಸಿದವರು ಯಾರು?"

ಇಂದುಮತಿ ಆ ಹುಡುಗಿಯನ್ನು ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. "ಇದನ್ನೆಲ್ಲ ಬರೆದವರು ಅಲ್ಲಿ ಹೋಗ್ತಾ ಇದ್ದಾರೆ. ಅವರಿಗೆ ಗೊತ್ತು. ಕೇಳು."

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ರಿಜಿಸ್ಟರಿನ ಕಪಾಟಿನ ಬೀಗದಕೈ ನನ್ನ ಜೇಬಿನಲ್ಲಿತ್ತು. ಇಪ್ಪತ್ತು ಹೆಜ್ಜೆ ನಡೆದರೆ ಆ ಪುಟ. ಹೇಳಬೇಕಾದದ್ದು ಒಂದೇ ಹೆಸರು, ಅದೂ ಊರಿಗೆಲ್ಲ ಗೊತ್ತಿರುವ ಹೆಸರು. ಇಂದುಮತಿಯ ಮುಖದಲ್ಲಿ ಆ ಗಳಿಗೆ ಒಂದು ನಿರೀಕ್ಷೆ ಇತ್ತು. ನನ್ನ ಮೇಲೆ ಯಾರಾದರೂ ಹಾಗೆ ನಿರೀಕ್ಷೆ ಇಟ್ಟು ಬಹಳ ವರ್ಷವಾಗಿತ್ತು. ಮೇಲಿನ ವರಾಂಡದಲ್ಲಿ ಪ್ರಹ್ಲಾದ ರಾಯರು ಕಂಬಕ್ಕೆ ಒರಗಿ, ಮಕ್ಕಳನ್ನು ಪ್ರೀತಿಯಿಂದ ನೋಡುತ್ತಾ ನಿಂತಿದ್ದರು.

"ಅದು ಆಗಿನ ವ್ಯವಸ್ಥೆ ಮಗು," ಎಂದೆ.

ಹುಡುಗಿ ಪೆನ್ಸಿಲು ಕಚ್ಚಿಕೊಂಡಳು. "ವ್ಯವಸ್ಥೆ ಅನ್ನೋದು ಹೆಸರಾ ಸರ್?"

"ಹಾಗಂತ ಬರ್ಕೋ."

"ಇನಿಶಿಯಲ್ಲು?"

ನಾನು ಪತ್ರಿಕೆಗಳ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ. ಇಂದುಮತಿ ನನ್ನ ಮುಖದಿಂದ ಕಣ್ಣು ತೆಗೆದು ಮಕ್ಕಳ ಕಡೆ ತಿರುಗಿದರು. ದನಿ ಮೊದಲಿನಂತೆಯೇ ಸಪಾಟಾಗಿತ್ತು, ತರಗತಿಯಲ್ಲಿ ಸೂತ್ರ ಬರೆಸುವಾಗಿನಂತೆ.

"ಇನಿಶಿಯಲ್ಲು ಬೇಡ. ಉಳಿದವರೂ ಹಾಗೇ ಬರ್ಕೊಳ್ಳಿ. ಏಳು ಕಲ್ಲಿಗೂ ಅದೇ ಉತ್ತರ."

ನಲವತ್ತು ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.